ಹಳೆಯ ಕಾರಿನ ಐಡ್ಲಿಂಗ್ ಆಗಾಗ ಏರುತ್ತಿದೆಯೇ? ಹೆಚ್ಚುವರಿ ಗಾಳಿಯ ದಾರಿ ಹುಡುಕುವುದು ಹೀಗೆ

ಆಕ್ಸಿಲರೇಟರ್ ಒತ್ತದೆ ಕಾರು ನಿಂತಿರುವಾಗ ಎಂಜಿನ್ ತಾನಾಗಿ ತಿರುಗುವ ವೇಗವೇ ಐಡ್ಲಿಂಗ್. ಅದು ಏರುತ್ತಿದೆ ಎಂದು ಕಾರನ್ನು ಗ್ಯಾರೇಜಿಗೆ ಒಯ್ದರೆ ಅನೇಕ ಕಡೆ ಮೊದಲು ನಡೆಯುವ ಕೆಲಸವೆಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಸ್ಕ್ರೂ ತಿರುಗಿಸುವುದು. ಆ ಹೊತ್ತಿಗೆ ಸದ್ದು ಇಳಿಯುತ್ತದೆ, ಮಾಲೀಕರು ಹಣ ಕೊಟ್ಟು ಹೊರಡುತ್ತಾರೆ. ಕೆಲವೇ ದಿನಗಳಲ್ಲಿ ಮತ್ತೆ ಅದೇ ಗೋಳು. ಸಾಲದೆಂಬಂತೆ, ದೋಷ ಇಲ್ಲದ ಹೊತ್ತಿನಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ನಿಂತುಹೋಗುವ ಹೊಸ ಕಾಟ ಬೇರೆ. ಬಂದು ಹೋಗುವ ದೋಷಕ್ಕೆ ಸ್ಕ್ರೂ ಮದ್ದಲ್ಲ. ಅದು ಸರಿಯಾಗಿರುವ ಐಡ್ಲಿಂಗ್ ಅನ್ನೂ ಕೆಡಿಸುತ್ತದೆ. ಆದ್ದರಿಂದ ಮೊದಲ ಮಾತು: ಕಾರಣ ಸಿಗುವವರೆಗೆ ಆ ಸ್ಕ್ರೂ ಮುಟ್ಟಬೇಡಿ, ಮುಟ್ಟಲು ಬಿಡಬೇಡಿ.

ಇಲ್ಲಿ ಹೇಳುತ್ತಿರುವುದು ಆಕ್ಸಿಲರೇಟರ್ ಕೇಬಲ್ ಇರುವ ಎಂಪಿಎಫ್‌ಐ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ) ಪೆಟ್ರೋಲ್ ಕಾರುಗಳ ವಿಷಯ. ಮಾರುತಿ 800, ಝೆನ್, ಎಸ್ಟೀಮ್, ಹಳೆಯ ಆಲ್ಟೊ ಮತ್ತು ವ್ಯಾಗನ್ ಆರ್, ಮೊದಲ ತಲೆಮಾರಿನ ಸ್ಯಾಂಟ್ರೊ ಮುಂತಾದವು. ನಮ್ಮ ಊರುಗಳಲ್ಲಿ ಇಂಥ ಕಾರುಗಳು ಇನ್ನೂ ಸಾಕಷ್ಟು ಓಡಾಡುತ್ತಿವೆ, ಜೋಪಾನ ಮಾಡಿದರೆ ಇನ್ನೂ ಬಹಳ ವರ್ಷ ಓಡುತ್ತವೆ. ಡೀಸೆಲ್ ಕಾರುಗಳಿಗೂ ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್‌ನ ಕಾರುಗಳಿಗೂ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ.

ಗಾಳಿಯ ಲೆಕ್ಕ

ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಿರ್ಧರಿಸುವುದು ಒಳಗೆ ಹೋಗುವ ಗಾಳಿ. ಬಂದ ಗಾಳಿಯನ್ನು ಅಳೆದು ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹಾಕುತ್ತದೆ. ಹಾಗಾಗಿ ಐಡ್ಲಿಂಗ್ ಏರಿದೆ ಎಂದರೆ ಎಲ್ಲಿಂದಲೋ ಹೆಚ್ಚಿಗೆ ಗಾಳಿ ಹೋಗುತ್ತಿದೆ ಎಂದೇ ಅರ್ಥ. ಅದು ಹೋಗಬಹುದಾದ ದಾರಿಗಳು ಕೆಲವೇ: ಪೂರ್ತಿ ಮುಚ್ಚದ ಥ್ರಾಟಲ್ ತಟ್ಟೆ, ಅದರ ಪಕ್ಕದಲ್ಲಿದ್ದು ಇಸಿಯು ತೆರೆದು ಮುಚ್ಚುವ ಐಡಲ್ ಏರ್ ಕಂಟ್ರೋಲ್ ವಾಲ್ವ್, ಕೆಲವು ಕಾರುಗಳಲ್ಲಿ ತಣ್ಣನೆಯ ಎಂಜಿನ್ನಿಗೆಂದೇ ಇರುವ ಮೇಣದ ವಾಲ್ವ್, ಇಲ್ಲವೇ ಥ್ರಾಟಲ್ ದಾಟಿದ ಮೇಲೆ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್‌ನ ಸುತ್ತ ಎಲ್ಲಾದರೂ ಆಗಿರುವ ಸೋರಿಕೆ.

ಸೋರಿಕೆ ಇದ್ದರೆ ಎಂಜಿನ್ ಒರಟಾಗಿ ನಡುಗಬೇಕು ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಗಾಳಿಯನ್ನು ಏರ್ ಫಿಲ್ಟರ್ ಬಳಿಯೇ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್‌ನ ಕಾರುಗಳಲ್ಲಿ ಅದು ನಿಜ. ಆದರೆ ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮ್ಯಾಪ್ ಸೆನ್ಸರ್‌ನವು. ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನು ಅಳೆಯುತ್ತದೆ. ಸೋರಿಕೆಯ ಗಾಳಿಯೂ ಆ ಒತ್ತಡದ ಲೆಕ್ಕಕ್ಕೆ ಸೇರುವುದರಿಂದ ಇಸಿಯು ಅದಕ್ಕೂ ಪೆಟ್ರೋಲ್ ಹಾಕುತ್ತದೆ. ಎಂಜಿನ್ ನುಣುಪಾಗಿಯೇ ಓಡುತ್ತದೆ, ವೇಗ ಮಾತ್ರ ಹೆಚ್ಚಾಗಿರುತ್ತದೆ. ನಡುಕ ಇಲ್ಲವೆಂದು ಸೋರಿಕೆಯನ್ನು ಪಟ್ಟಿಯಿಂದ ಕೈಬಿಡಬಾರದು.

ಐಡ್ಲಿಂಗ್ ಒಂದೇ ಮಟ್ಟದಲ್ಲಿ ನಿಲ್ಲದೆ ಅಲೆಯಂತೆ ಏರಿಳಿಯುತ್ತಿದ್ದರೆ ಅದಕ್ಕೂ ಇದೇ ಮೂಲವಿರಬಹುದು. ಕಾಲು ತೆಗೆದಿದ್ದರೂ ವೇಗ ಮಿತಿ ದಾಟಿದೆ ಎಂದು ಕಂಡಾಗ, ಕಾರು ಇಳಿಜಾರಿನಲ್ಲಿ ಓಡುತ್ತಿದೆ ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬೀಳುತ್ತದೆ, ಮತ್ತೆ ಪೆಟ್ರೋಲ್ ಬರುತ್ತದೆ, ವೇಗ ಮತ್ತೆ ಏರುತ್ತದೆ.

ಮೊದಲು, ಇದು ದೋಷ ಹೌದೇ?

ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ 1,200ರಿಂದ 1,500 ಆರ್‌ಪಿಎಂ ಇದ್ದು, ಬಿಸಿಯಾಗುತ್ತಾ ಕೆಲವು ನಿಮಿಷಗಳಲ್ಲಿ ಇಳಿದರೆ ಅದು ಸಹಜ. ಚಿಕ್ಕಮಗಳೂರಿನ ಡಿಸೆಂಬರ್ ಮುಂಜಾವಿನಲ್ಲಿ ಇಳಿಯಲು ಹೆಚ್ಚು ಹೊತ್ತು ಬೇಕು, ಮಂಗಳೂರಿನಲ್ಲಿ ಕಡಿಮೆ ಸಾಕು. ಎಸಿ ಹಾಕಿದಾಗ ಸ್ವಲ್ಪ ಏರುವುದೂ ಕಾಲು ತೆಗೆದ ಮೇಲೆ ಒಂದೆರಡು ಕ್ಷಣ ತಡೆದು ಇಳಿಯುವುದೂ ಸಹಜವೇ. ಎಂಜಿನ್ ಪೂರ್ತಿ ಬಿಸಿಯಾಗಿ, ಎಸಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟಾಗ ಹೆಚ್ಚಿನ ಕಾರುಗಳಲ್ಲಿ 750ರಿಂದ 950ರ ಒಳಗೆ ಇರಬೇಕು. ನಿಮ್ಮ ಕಾರಿನ ಸರಿಯಾದ ಅಂಕಿ ಬಾನೆಟ್ಟಿನ ಒಳಗಿನ ಸ್ಟಿಕ್ಕರಿನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ.

ಈ ಕಾರುಗಳಲ್ಲಿ ಹಲವಕ್ಕೆ ಆರ್‌ಪಿಎಂ ಮೀಟರ್ ಇಲ್ಲ. ಚಿಂತೆಯಿಲ್ಲ. ಐಡ್ಲಿಂಗ್ ಸರಿಯಿರುವಾಗ ಒಮ್ಮೆ, ಏರಿದಾಗ ಒಮ್ಮೆ, ಮೊಬೈಲನ್ನು ಒಂದೇ ಜಾಗದಲ್ಲಿಟ್ಟು ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಮೆಕ್ಯಾನಿಕ್ ಎದುರು ದೋಷ ಕಾಣಿಸಿಕೊಳ್ಳದಿದ್ದಾಗ ಈ ಎರಡು ತುಣುಕುಗಳೇ ನಿಮ್ಮ ಸಾಕ್ಷಿ.

ಯಾವಾಗ ಏರುತ್ತದೆ ಎಂದು ಬರೆದಿಡಿ

ಬಂದು ಹೋಗುವ ದೋಷವನ್ನು ಹುಡುಕುವಾಗ ಬೇಕಾದ ಮುಖ್ಯ ಸಲಕರಣೆ ಪೆನ್ನು ಮತ್ತು ಕಾಗದ. ಒಂದು ವಾರ ಕಾರಿನಲ್ಲೇ ಇಟ್ಟುಕೊಳ್ಳಿ. ಏರಿದಾಗಲೆಲ್ಲ ಎಂಜಿನ್ ತಣ್ಣಗಿತ್ತೇ ಬಿಸಿಯಿತ್ತೇ, ಎಸಿ, ಹೆಡ್‌ಲೈಟ್ ಹಾಕಿತ್ತೇ, ಬ್ರೇಕ್ ಮೇಲೆ ಕಾಲಿತ್ತೇ, ಮಳೆ ಬಂದಿತ್ತೇ, ಆಗತಾನೇ ಪೆಟ್ರೋಲ್ ತುಂಬಿಸಿದ್ದಿರೇ, ಹೆದ್ದಾರಿಯಲ್ಲಿ ಓಡಿಸಿ ಬಂದು ನಿಲ್ಲಿಸಿದ್ದೋ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೋ ಎಂದು ಬರೆಯಿರಿ. ಕಾರು ನಿಂತ ಮೇಲೆ ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಟ್ಟರೆ ಇಳಿಯಿತೇ ಎಂಬುದನ್ನೂ ಗಮನಿಸಿ.

ಈ ಟಿಪ್ಪಣಿಯಿಂದ ಅನುಮಾನ ಬಹಳ ಕಿರಿದಾಗುತ್ತದೆ. ಒತ್ತಿ ಬಿಟ್ಟರೆ ಇಳಿಯುತ್ತದೆಂದರೆ ಕೇಬಲ್ ಅಥವಾ ಥ್ರಾಟಲ್ ತಟ್ಟೆ ಸಿಕ್ಕಿಕೊಳ್ಳುತ್ತಿದೆ. ಬ್ರೇಕ್ ಒತ್ತಿದಾಗ ಬದಲಾಗುತ್ತದೆಂದರೆ ಬ್ರೇಕಿಗೆ ಹೆಚ್ಚಿನ ಬಲ ಕೊಡುವ ಬ್ರೇಕ್ ಬೂಸ್ಟರ್ ಮೇಲೆ ಅನುಮಾನ. ಪೆಟ್ರೋಲ್ ತುಂಬಿಸಿದ ಮೇಲೆ ಹೆಚ್ಚುತ್ತದೆಂದರೆ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮುಚ್ಚುತ್ತಿಲ್ಲ. ಲೈಟ್, ವೈಪರ್ ಹಾಕಿದಾಗ ಏರುತ್ತದೆಂದರೆ ಎಂಜಿನ್ನಿನ ಅರ್ಥ್ ತಂತಿಯ ತುದಿಗಳನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡಿ. ಮಳೆಯಲ್ಲಿ ಮಾತ್ರ ಬರುತ್ತದೆಂದರೆ ಕನೆಕ್ಟರ್‌ಗಳನ್ನು ನೋಡಿ. ಕರಾವಳಿಯ ಕಾರುಗಳಲ್ಲಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುವುದು ಅಪರೂಪವಲ್ಲ.

ಹೆದ್ದಾರಿಯಲ್ಲಿ ಓಡಿ ಬಂದು ನಿಂತಾಗ ಏರಿದ್ದು, ಟ್ರಾಫಿಕ್‌ನಲ್ಲಿ ತಾನಾಗಿ ಸರಿಹೋಗುತ್ತದೆಂದರೆ, ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್ ಕಡೆಯ ಹರಿವನ್ನು ತಡೆಯುವ ಥರ್ಮೋಸ್ಟಾಟ್ ಮೇಲೆ ಕಣ್ಣಿಡಿ. ಅದು ತೆರೆದೇ ಉಳಿದಿದ್ದರೆ ಓಟದ ಗಾಳಿಗೆ ಎಂಜಿನ್ ತಣ್ಣಗಾಗುತ್ತದೆ, ಇಸಿಯು ಮತ್ತೆ ಬೆಳಗಿನ ಐಡ್ಲಿಂಗ್ ಕೊಡುತ್ತದೆ. ಎಂಜಿನ್ ಬಿಸಿ ಏರುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಕೆಟ್ಟ ರೂಢಿ ನಮ್ಮಲ್ಲಿದೆ. ಹಳೆಯ ಕಾರು ಕೊಂಡವರು ಅದು ಒಳಗಿದೆಯೇ ಎಂದು ಮೊದಲು ಕೇಳಿ ತಿಳಿಯಬೇಕು. ಅದಿಲ್ಲದ ಎಂಜಿನ್ ಐಡ್ಲಿಂಗ್ ಕೆಡಿಸಿಕೊಳ್ಳುವುದಷ್ಟೇ ಅಲ್ಲ, ಪೆಟ್ರೋಲನ್ನೂ ಹೆಚ್ಚಿಗೆ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಸುಲಭದವು ಮೊದಲು

ಚಾಲಕನ ಕಾಲಡಿಯ ಮ್ಯಾಟ್ ಎತ್ತಿ ಹೊರಗಿಡಿ. ದಪ್ಪ ರಬ್ಬರ್ ಮ್ಯಾಟ್ ಜಾರಿ ಪೆಡಲ್ಲಿಗೆ ತಾಗುವುದು ತೀರಾ ಸಾಮಾನ್ಯ. ಬಳಿಕ ಬಾನೆಟ್ ತೆರೆದು ಕೇಬಲ್ ನೋಡಿ. ಥ್ರಾಟಲ್ ಬಾಡಿಯ ಬಳಿ ಬೆರಳಿನಿಂದ ಎಳೆದರೆ ಕೇಬಲ್ಲಿನಲ್ಲಿ ಕೆಲವು ಮಿಲಿಮೀಟರ್ ಸಡಿಲ ಇರಬೇಕು. ಎಂಜಿನ್ ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಪರೀಕ್ಷಿಸಿ, ಎರಡೂ ಒಂದೇ ಇರಬೇಕೆಂದಿಲ್ಲ. ಎಂಜಿನ್ ಆಫ್ ಇರುವಾಗ ಇನ್ನೊಬ್ಬರು ಪೆಡಲ್ ಒತ್ತಿ ನಿಧಾನವಾಗಿ ಬಿಡಲಿ, ನೀವು ಥ್ರಾಟಲ್ ಲಿವರ್ ನೋಡಿ. ಕೊನೆಗೆ ಅದು ಸ್ಟಾಪ್ ಸ್ಕ್ರೂಗೆ ಟಕ್ ಎಂದು ತಾಗಿ ನಿಲ್ಲಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಐಡ್ಲಿಂಗ್ ಏರಲು. ಹೊರಕವಚದಲ್ಲಿ ಎಳೆ ಬಿಚ್ಚಿದ, ಸೊಟ್ಟಗಾದ ಕೇಬಲ್ಲಿಗೆ ಎಣ್ಣೆ ಬಿಟ್ಟು ಕಾಲ ತಳ್ಳಬೇಡಿ, ಹೊಸದು ಹಾಕಿ.

ಮುಂದಿನದು ಕೂಲೆಂಟ್. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ತುಂಬಿದೆಯೇ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ಮಟ್ಟವನ್ನಷ್ಟೇ ನಂಬಬೇಡಿ. ಕೂಲೆಂಟ್ ಕಡಿಮೆಯಾದರೆ ಗಾಳಿಯ ಗುಳ್ಳೆಗಳು ಸುತ್ತುತ್ತವೆ. ಟೆಂಪರೇಚರ್ ಸೆನ್ಸರ್ ಬಳಿ ಗುಳ್ಳೆ ನಿಂತರೆ ಅದು ಎಂಜಿನ್ ತಣ್ಣಗಿದೆ ಎಂದು ಹೇಳುತ್ತದೆ. ಮೇಣದ ವಾಲ್ವ್ ಇರುವ ಕಾರುಗಳಲ್ಲಿ ಬಿಸಿ ನೀರು ಅಲ್ಲಿಗೆ ತಲುಪದೆ ವಾಲ್ವ್ ಮುಚ್ಚಿಕೊಳ್ಳುವುದೇ ಇಲ್ಲ. ಗುಳ್ಳೆ ಸರಿದಾಗ ಎಲ್ಲ ಸರಿ, ಮತ್ತೆ ಬಂದಾಗ ಮತ್ತೆ ತೊಂದರೆ. ಕಾಣಿಸಿ ಮರೆಯಾಗುವ ಐಡ್ಲಿಂಗ್ ದೋಷಕ್ಕೆ ಇದು ಅತಿ ಅಗ್ಗದ ಕಾರಣ, ಆದ್ದರಿಂದಲೇ ಅತಿ ಹೆಚ್ಚು ಕಡೆಗಣಿಸಲ್ಪಡುವ ಕಾರಣ ಎಂಬುದು ನನ್ನ ಅಭಿಪ್ರಾಯ. ಬರೀ ನಲ್ಲಿ ನೀರು ತುಂಬಿದ ರೇಡಿಯೇಟರ್‌ಗಳಲ್ಲಿ ತುಕ್ಕು ಕಟ್ಟಿ ಸಣ್ಣ ಪೈಪುಗಳು ಮುಚ್ಚಿಹೋಗಿಯೂ ಹೀಗಾಗುತ್ತದೆ.

ಏರಿರುವ ಹೊತ್ತಿನಲ್ಲೇ ಮಾಡುವ ಪರೀಕ್ಷೆ

ಇಷ್ಟರಲ್ಲಿ ಕಾರಣ ಸಿಗದಿದ್ದರೆ, ದೋಷ ಕಾಣಿಸಿಕೊಂಡಾಗ ಅಲ್ಲೇ ಹಿಡಿಯಬೇಕು. ಕಾರನ್ನು ಸಮತಟ್ಟು ಜಾಗದಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಶಾಲು, ಸಡಿಲ ತೋಳು, ಕೈಕಡಗ ಯಾವುದೂ ಬೇಡ. ಬೆಲ್ಟ್ ತಿರುಗುತ್ತಿರುತ್ತದೆ, ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ಶುರುವಾಗಬಹುದು.

ಮೊದಲು ಥ್ರಾಟಲ್ ಲಿವರನ್ನು ಬೆರಳಿನಿಂದ ಮುಚ್ಚುವ ದಿಕ್ಕಿಗೆ ಒತ್ತಿ. ವೇಗ ತಟ್ಟನೆ ಇಳಿದರೆ ದೋಷ ಕೇಬಲ್, ಸ್ಪ್ರಿಂಗ್ ಅಥವಾ ಇಂಗಾಲ ಕಟ್ಟಿದ ತಟ್ಟೆಯಲ್ಲಿದೆ. ಅಲ್ಲಿಗೆ ಹುಡುಕಾಟ ಮುಗಿಯಿತು.

ಇಳಿಯದಿದ್ದರೆ ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಬರುವ ದಪ್ಪ ಪೈಪನ್ನು ಕಳಚಿ. ಅದರಲ್ಲಿ ಸೆನ್ಸರ್ ಇದ್ದರೆ ಅದರ ತಂತಿ ಜೋಡಿಸಿಯೇ ಇರಲಿ. ಈಗ ಥ್ರಾಟಲ್‌ನ ಬಾಯಿ ಕಾಣುತ್ತದೆ. ತಟ್ಟೆಯ ಮುಂದೆ ಒಳಗೋಡೆಯಲ್ಲಿ ಬೆರಳ ತುದಿ ಹಿಡಿಸುವಷ್ಟು ಒಂದು ತೂತು ಇದ್ದರೆ ಅದೇ ಐಡಲ್ ವಾಲ್ವಿನ ಗಾಳಿಯ ದಾರಿ. ಕೆಲವು ಕಾರುಗಳಲ್ಲಿ ಈ ಗಾಳಿ ಬೇರೆಯೇ ಪೈಪಿನಲ್ಲಿ ಬರುತ್ತದೆ, ಅದನ್ನು ಗುರುತಿಸಿಕೊಳ್ಳಿ. ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ. ದೋಷ ಇನ್ನೂ ಇದ್ದರೆ ಆ ತೂತನ್ನು ಬೆರಳಿನಿಂದ ಮುಚ್ಚಿ, ಬೇರೆ ಪೈಪಾದರೆ ಅದನ್ನು ಹಿಸುಕಿ ಹಿಡಿಯಿರಿ. ಐಡ್ಲಿಂಗ್ ಧುತ್ತನೆ ಕುಸಿದರೆ ಹೆಚ್ಚುವರಿ ಗಾಳಿ ಬರುತ್ತಿರುವುದು ಆ ವಾಲ್ವಿನಿಂದ. ವಾಲ್ವ್ ಸಿಕ್ಕಿಕೊಂಡಿದೆ, ಇಲ್ಲವೇ ಇಸಿಯು ಯಾವುದೋ ಸೆನ್ಸರ್‌ನ ತಪ್ಪು ಮಾತು ಕೇಳಿ ಅದನ್ನು ತೆರೆದಿಟ್ಟಿದೆ.

ಬದಲಾವಣೆ ಕಾಣದಿದ್ದರೆ ಥ್ರಾಟಲ್‌ನ ಇಡೀ ಬಾಯಿಯನ್ನು ದಪ್ಪ ರಬ್ಬರ್ ಹಾಳೆ ಅಥವಾ ನುಣುಪಾದ ಹಲಗೆಯ ತುಂಡಿನಿಂದ ಮುಚ್ಚಿ. ಬಟ್ಟೆ ಬೇಡ, ಒಳಕ್ಕೆ ಎಳೆದುಕೊಳ್ಳುತ್ತದೆ. ವಾಲ್ವ್ ಕವರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಪಿಸಿವಿ ಪೈಪನ್ನೂ (ಎಂಜಿನ್ನಿನೊಳಗಿನ ಆವಿಯನ್ನು ಎಳೆದೊಯ್ಯುವ ಪೈಪ್) ಅದೇ ಹೊತ್ತಿಗೆ ಹಿಸುಕಿ ಹಿಡಿಯಬೇಕು, ಏಕೆಂದರೆ ಅದು ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸ್ ಮೂಲಕ ಗಾಳಿ ಎಳೆಯುತ್ತಲೇ ಇರುತ್ತದೆ. ಐಡಲ್ ವಾಲ್ವಿನ ಗಾಳಿಗೆ ಬೇರೆ ಪೈಪ್ ಇದ್ದರೆ ಅದನ್ನೂ ಹಿಸುಕಿಯೇ ಇಡಿ. ನ್ಯಾಯವಾಗಿ ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಥ್ರಾಟಲ್‌ನ ಆಚೆಗೆ ಸೋರಿಕೆ ಇದೆ ಎಂಬುದು ಖಚಿತ. ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗುವುದಕ್ಕಿಂತ ಈ ಐದು ನಿಮಿಷದ ಪರೀಕ್ಷೆ ಎಷ್ಟೋ ಮೇಲು.

ಸೋರಿಕೆ ಎಂದು ಗೊತ್ತಾದರೆ

ಮ್ಯಾನಿಫೋಲ್ಡ್‌ನಿಂದ ಹೊರಡುವ ಪ್ರತಿಯೊಂದು ರಬ್ಬರ್ ಪೈಪನ್ನೂ ಸರದಿಯಲ್ಲಿ ಹಿಸುಕಿ ಮುಚ್ಚಿ, ಸದ್ದು ಆಲಿಸಿ. ಬ್ರೇಕ್ ಬೂಸ್ಟರ್, ಪಿಸಿವಿ, ಪರ್ಜ್ ವಾಲ್ವ್, ಎಸಿ ಹಾಕಿದಾಗ ವೇಗ ಏರಿಸುವ ವಾಲ್ವ್, ಮ್ಯಾಪ್ ಸೆನ್ಸರ್, ಪೆಟ್ರೋಲ್ ಪ್ರೆಶರ್ ರೆಗ್ಯುಲೇಟರ್ ಇವುಗಳ ಪೈಪುಗಳು ಸಾಮಾನ್ಯವಾಗಿ ಸಿಗುತ್ತವೆ. ಮ್ಯಾಪ್ ಸೆನ್ಸರ್‌ನ ಪೈಪನ್ನು ಮಾತ್ರ ಹಿಸುಕಬೇಡಿ, ಅಳತೆಯೇ ಕೆಡುತ್ತದೆ. ಅದನ್ನು ಕಣ್ಣಿನಿಂದ ಪರೀಕ್ಷಿಸಿ. ಯಾವ ಪೈಪ್ ಮುಚ್ಚಿದಾಗ ಐಡ್ಲಿಂಗ್ ಸಹಜಕ್ಕೆ ಬರುತ್ತದೋ ದೋಷ ಆ ಪೈಪಿನಲ್ಲಿ ಅಥವಾ ಅದರ ಇನ್ನೊಂದು ತುದಿಯಲ್ಲಿದೆ. ಬಿರುಕುಗಳು ಹೆಚ್ಚಾಗಿ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ಅಡಗಿರುತ್ತವೆ. ಬಾಗಿಸಿ ನೋಡದೆ ಕಾಣುವುದಿಲ್ಲ. ಎಂಜಿನ್ ಬಿಸಿಯಾಗಿ ರಬ್ಬರ್ ಮೆತ್ತಗಾದಾಗ ಬಾಯಿಬಿಟ್ಟು, ತಣ್ಣಗಾದಾಗ ಕೂಡಿಕೊಳ್ಳುವ ಬಿರುಕುಗಳೂ ಇವೆ. ಮಲೆನಾಡಿನಲ್ಲಿ, ತೋಟದ ಮನೆಗಳಲ್ಲಿ ಇಲಿ ಕಡಿದ ಗುರುತಿದೆಯೇ ಎಂದೂ ನೋಡಿ.

ಎಲ್‌ಪಿಜಿ ಕಿಟ್ ಹಾಕಿಸಿದ ಕಾರಾದರೆ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಿ. ಕಿಟ್ ಕೂರಿಸುವಾಗ ಮ್ಯಾನಿಫೋಲ್ಡ್‌ನ ಪೈಪುಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಟಿ ಜಾಯಿಂಟ್ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಬಿಸಿಗೆ ಆ ಜಾಯಿಂಟ್ ಪುಡಿಪುಡಿಯಾಗುತ್ತದೆ.

ಪೈಪುಗಳೆಲ್ಲ ಸರಿಯಿದ್ದರೆ, ಭಾಗಗಳು ಕೂಡುವ ಸಂದನ್ನು ಮುಚ್ಚುವ ಗ್ಯಾಸ್ಕೆಟ್‌ಗಳ ಸರದಿ. ಗಿಡಗಳಿಗೆ ಸಿಂಪಡಿಸುವ ಬಾಟಲಿಯಿಂದ ಥ್ರಾಟಲ್ ಬಾಡಿಯ ಬುಡ, ಮ್ಯಾನಿಫೋಲ್ಡ್ ಮತ್ತು ಹೆಡ್ ಕೂಡುವ ಜಾಗ, ಇಂಜೆಕ್ಟರ್‌ಗಳ ಬುಡ ಇಲ್ಲಿಗೆ ಸ್ವಲ್ಪ ಸ್ವಲ್ಪವೇ ನೀರು ಸಿಂಪಡಿಸಿ. ಸ್ಪಾರ್ಕ್ ಪ್ಲಗ್ ತಂತಿ, ಕಾಯಿಲ್ ಮತ್ತು ಕನೆಕ್ಟರ್‌ಗಳನ್ನು ಬಿಟ್ಟು. ನೀರು ಸಂದನ್ನು ಕ್ಷಣಕಾಲ ಮುಚ್ಚಿದಾಗ ಸದ್ದು ಬದಲಾಗುತ್ತದೆ. ಗ್ಯಾರೇಜುಗಳಲ್ಲಿ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇಯಿಂದ ಇದನ್ನೇ ಮಾಡುತ್ತಾರೆ, ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಅದು ಬೆಂಕಿ ಹತ್ತುವ ವಸ್ತು, ಕಾದ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುತ್ತದೆ. ಮನೆಯಲ್ಲಿ ಬೇಡ. ಊದುಬತ್ತಿಯ ಹೊಗೆ ಹಿಡಿದು ನೋಡಿ ಎಂಬ ಸಲಹೆಯನ್ನೂ ಕೇಳಿದ್ದೇನೆ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಒಯ್ಯುವುದು ಶುದ್ಧ ಅಪಾಯ, ಖಂಡಿತ ಮಾಡಬೇಡಿ. ಅನುಮಾನ ತೀರದಿದ್ದರೆ, ಒಳಗೆ ಹೊಗೆ ತುಂಬಿ ಸೋರಿಕೆ ತೋರಿಸುವ ಸ್ಮೋಕ್ ಟೆಸ್ಟ್ ಯಂತ್ರ ಇರುವ ಗ್ಯಾರೇಜ್ ಹುಡುಕಿ.

ಮ್ಯಾನಿಫೋಲ್ಡ್‌ನ ನಿರ್ವಾತವನ್ನು ಪಾದರಸದ ಇಂಚುಗಳಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ಪುಸ್ತಕಗಳಲ್ಲಿ ಕೊಟ್ಟಿರುವ ಅಂಕಿಗಳು ಸಮುದ್ರಮಟ್ಟದವು. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆ ಬಂದರೆ ಅದು ಸೋರಿಕೆಯಲ್ಲ.

ಐಡಲ್ ವಾಲ್ವ್ ಮತ್ತು ಸೆನ್ಸರ್‌ಗಳು

ಬೆರಳು ಮುಚ್ಚಿದಾಗ ಇಳಿದಿದ್ದರೆ ವಾಲ್ವನ್ನು ಬಿಚ್ಚಿ ನೋಡಿ. ತುದಿಯಲ್ಲಿ ಕಪ್ಪು ಅಂಟಿನಂಥ ಇಂಗಾಲ ಇದ್ದರೆ ಥ್ರಾಟಲ್ ಬಾಡಿ ಕ್ಲೀನರ್ ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿ. ವಾಲ್ವನ್ನು ನಡೆಸುವ ಸ್ಟೆಪರ್ ಮೋಟರಿನ ಮೊನೆಯನ್ನು ಕೈಯಿಂದ ಒಳಕ್ಕೆ ತಳ್ಳಬೇಡಿ, ಒಳಗಿನ ಹಲ್ಲುಗಳು ಮುರಿಯುತ್ತವೆ. ಮತ್ತೆ ಕೂರಿಸುವಾಗ ಹೊಸ ಓ ರಿಂಗ್ ಅಥವಾ ಗ್ಯಾಸ್ಕೆಟ್ ಹಾಕಿ.

ವಾಲ್ವ್ ಸ್ವಚ್ಛವಾಗಿದ್ದರೆ ಇಸಿಯುವಿಗೆ ತಪ್ಪು ಹೇಳುತ್ತಿರುವ ಸೆನ್ಸರ್ ಯಾವುದು ಎಂದು ನೋಡಬೇಕು. ಮೊದಲನೆಯದು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಹಲವು ಕಾರುಗಳಲ್ಲಿ ಇಂಥವು ಎರಡು ಇರುತ್ತವೆ: ಡ್ಯಾಶ್‌ಬೋರ್ಡ್ ಮುಳ್ಳಿಗೆ ಒಂದು, ಇಸಿಯುಗೆ ಇನ್ನೊಂದು. ಮುಳ್ಳು ಸರಿಯಾಗಿ ನಿಂತಿದೆ ಎಂಬ ಕಾರಣಕ್ಕೆ ಇಸಿಯುವಿನ ಸೆನ್ಸರ್ ಸರಿಯಿದೆ ಎನ್ನಲಾಗದು. ಎಂಜಿನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಿಂದ ಅಳೆಯಿರಿ. ಜಪಾನಿ ಮಾದರಿಯ ಬಹಳಷ್ಟು ಸೆನ್ಸರ್‌ಗಳು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ತೋರಿಸುತ್ತವೆ. ಬಿಸಿ ಎಂಜಿನ್ನಿನಲ್ಲೂ ಸಾವಿರಗಳಲ್ಲಿ ತೋರಿಸಿದರೆ, ಅಥವಾ ತಂತಿ ಅಲುಗಿಸಿದಾಗ ಅಂಕಿ ಜಿಗಿದಾಡಿದರೆ ಕಳ್ಳ ಸಿಕ್ಕಂತೆ.

ಎರಡನೆಯದು ಥ್ರಾಟಲ್ ಪೊಸಿಷನ್ ಸೆನ್ಸರ್. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಸಿಗ್ನಲ್ ತಂತಿಯಲ್ಲಿ ವೋಲ್ಟ್ ಅಳೆಯಿರಿ. ಥ್ರಾಟಲ್ ಮುಚ್ಚಿದ್ದಾಗ ಒಂದು ವೋಲ್ಟ್‌ಗಿಂತ ಕಡಿಮೆಯಿದ್ದು, ನಿಧಾನವಾಗಿ ತೆರೆದಂತೆ ತಡೆಯಿಲ್ಲದೆ ನಾಲ್ಕರ ಸಮೀಪಕ್ಕೆ ಏರಬೇಕು. ನಡುವೆ ಬಿದ್ದೆದ್ದರೆ ಸೆನ್ಸರ್ ಸವೆದಿದೆ. ಕಾಲು ತೆಗೆದದ್ದೇ ಇಸಿಯುಗೆ ಗೊತ್ತಾಗದಿದ್ದರೆ ಅದು ಐಡ್ಲಿಂಗ್ ಇಳಿಸುವುದಾದರೂ ಹೇಗೆ?

ಸ್ಕ್ಯಾನರ್ ಬಗ್ಗೆ ಹೆಚ್ಚು ಭರವಸೆ ಬೇಡ. ದೋಷಗಳನ್ನು ಕಾರೇ ಗುರುತಿಸಿ ಸ್ಕ್ಯಾನರ್‌ಗೆ ಹೇಳುವ ಓಬಿಡಿ ವ್ಯವಸ್ಥೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು ಬಿಎಸ್ 4 ಹೊಗೆ ನಿಯಮಗಳ ಜೊತೆಗೆ, 2010ರಿಂದ. ಓಬಿಡಿ 2 ಬಂದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳು ಅಗ್ಗದ ಬ್ಲೂಟೂತ್ ಸಾಧನಗಳೊಂದಿಗೆ ಮಾತನಾಡುವುದೇ ಇಲ್ಲ.

ಬ್ರೇಕ್ ಬೂಸ್ಟರ್‌ನದ್ದಾದರೆ ತಡಮಾಡಬೇಡಿ

ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ಐದಾರು ಬಾರಿ ಒತ್ತಿ, ಕೊನೆಯ ಸಲ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ಪೆಡಲ್ ಬಳಿ ಉಸ್ ಎಂಬ ಸದ್ದು ಬಂದರೆ ಬೂಸ್ಟರ್‌ನ ಪೊರೆ ಹರಿದಿರಬಹುದು, ಇಲ್ಲವೇ ಅದರ ಪೈಪ್ ಸೋರುತ್ತಿರಬಹುದು. ಇದು ಐಡ್ಲಿಂಗ್ ಮಾತಲ್ಲ, ಜೀವದ ಮಾತು. ಸರಿಪಡಿಸುವವರೆಗೆ ಕಾರು ಹೊರಡಿಸಬೇಡಿ.

ಹಾಗೆಯೇ ಚಾರ್ಮಾಡಿ, ಶಿರಾಡಿಯಂಥ ಘಾಟಿಯಲ್ಲಿ ಇಳಿಯುವಾಗ ಎಂಜಿನ್ ಇದ್ದಕ್ಕಿದ್ದಂತೆ ವೇಗ ಹಿಡಿದರೆ ಕ್ಲಚ್ ಒತ್ತಿ, ಬ್ರೇಕ್ ಹಿಡಿದು ಬದಿಗೆ ನಿಲ್ಲಿಸಿ, ಬಳಿಕ ಕೀ ತಿರುಗಿಸಿ. ಓಡುತ್ತಿರುವಾಗಲೇ ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು, ಬ್ರೇಕಿನ ಬಲವೂ ಬೇಗ ಕುಂದುತ್ತದೆ.

ಕಾರ್ಬ್ಯುರೇಟರ್ ಕಾರುಗಳವರು

ಹಳೆಯ 800, ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡಿರುವವರು ಚೋಕ್ ಪೂರ್ತಿ ಹಿಂದೆ ಹೋಗಿದೆಯೇ, ಥ್ರಾಟಲ್ ಸ್ಪಿಂಡಲ್ ಅಲುಗಾಡುತ್ತಿದೆಯೇ, ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ಮತ್ತು ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಸರಿಯಿವೆಯೇ ಎಂದು ನೋಡಿದರೆ ಬಹುತೇಕ ಕೆಲಸ ಮುಗಿಯುತ್ತದೆ. ಸ್ಪಿಂಡಲ್ ಸವೆದಿದ್ದರೆ ಬುಶ್ ಹಾಕುವ ಲೇತ್ ಕೆಲಸದವರನ್ನು ಹುಡುಕಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರುಗಳ ಬಿಡಿಭಾಗಗಳು ಇನ್ನೂ ಸಿಗುತ್ತವೆ.

ರಿಪೇರಿ ಆದ ಮೇಲೆ

ಥ್ರಾಟಲ್ ಬಾಡಿ ಅಥವಾ ಐಡಲ್ ವಾಲ್ವ್ ಸ್ವಚ್ಛ ಮಾಡಿದ ಕೂಡಲೇ ಐಡ್ಲಿಂಗ್ ಇನ್ನೂ ಏರಿದರೆ ಗಾಬರಿಯಾಗಬೇಡಿ. ಇಂಗಾಲ ಕಟ್ಟಿದ್ದ ದಾರಿಗೆ ಹೊಂದಿಕೊಂಡು ಇಸಿಯು ವಾಲ್ವನ್ನು ಹೆಚ್ಚು ತೆರೆದಿಡಲು ಕಲಿತಿರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟು ಮತ್ತೆ ಜೋಡಿಸಿ. ಸ್ಟೀರಿಯೊಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ನಂತರ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಐಡ್ಲಿಂಗ್‌ನಲ್ಲಿ ಬಿಡಿ. ಒಂದೆರಡು ದಿನದ ಓಡಾಟದಲ್ಲಿ ಹೊಸ ಲೆಕ್ಕ ಕಲಿಯುತ್ತದೆ.

ಆಮೇಲೆ ಥ್ರಾಟಲ್‌ನ ಸ್ಟಾಪ್ ಸ್ಕ್ರೂ ನೋಡಿ. ಕಾರ್ಖಾನೆಯಿಂದ ಬರುವಾಗ ಅದರ ತಲೆಯ ಮೇಲೆ ಸಾಮಾನ್ಯವಾಗಿ ಬಣ್ಣದ ಚುಕ್ಕೆಯೋ ಮುಚ್ಚಳವೋ ಇರುತ್ತದೆ. ಚುಕ್ಕೆ ಒಡೆದಿದ್ದರೆ, ನಟ್ಟಿನ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತಿದ್ದರೆ ಹಿಂದೆ ಯಾರೋ ತಿರುಗಿಸಿದ್ದಾರೆ. ಮೂಲ ದೋಷ ಹೋದ ಮೇಲೆ ಐಡ್ಲಿಂಗ್ ತೀರಾ ಕುಸಿದು ಎಂಜಿನ್ ನಿಲ್ಲುವುದು ಇಂಥ ಕಾರುಗಳಲ್ಲೇ. ಆ ಸ್ಕ್ರೂವನ್ನು ಮೊದಲ ಸ್ಥಾನಕ್ಕೆ ತರಲು ಥ್ರಾಟಲ್ ಸೆನ್ಸರ್‌ನ ವೋಲ್ಟೇಜ್ ನೋಡುತ್ತಾ ಹೊಂದಿಸಬಲ್ಲ ಮೆಕ್ಯಾನಿಕ್ ಬೇಕು, ಕಿವಿಯ ಅಂದಾಜು ಸಾಲದು. ಅದಾದ ಬಳಿಕ, ದೋಷ ಯಾವ ಸಂದರ್ಭದಲ್ಲಿ ಕಾಣಿಸುತ್ತಿತ್ತೋ ಅದೇ ಸಂದರ್ಭದಲ್ಲಿ ಕಾರು ಓಡಿಸಿ ನೋಡಿ: ಮಳೆಯಲ್ಲಿ ಬರುತ್ತಿತ್ತಾದರೆ ಮಳೆಯಲ್ಲಿ, ಹೆದ್ದಾರಿಯ ಓಟದ ನಂತರ ಬರುತ್ತಿತ್ತಾದರೆ ಹೆದ್ದಾರಿಯಲ್ಲಿ.